ಕೈಗುಣ

ಅಂಗಳ ದಾಟುವಷ್ಟರಲ್ಲಿ ಆ ಮಾತು ಮರೆತುಹೋಗುತ್ತದೆ ಅಂದುಕೊಂಡಿದ್ದಳು. ಮನೆಯ ಹಿಂಬಾಗಿಲಿಗೂ ಕೊಟ್ಟಿಗೆಯ ಬಾಗಿಲಿಗೂ ನಡುವೆ ಇದ್ದದ್ದು ಒಂದಿಷ್ಟು ಅಂಗಳ, ಅಷ್ಟೆ. ಆದರೆ ಆ ಒಂದಿಷ್ಟು ಅಂಗಳದಲ್ಲೇ ಆಕೆ ಇಷ್ಟು ವರ್ಷಗಳಲ್ಲಿ ಎಷ್ಟೋ ಮಾತುಗಳನ್ನು ಕೊಡವಿ ಬಿಸಾಕಿದ್ದಳು. ಗಂಡನ ಕೊಂಕು, ಹಾಲಿನ ವ್ಯಾನಿನವನ ತಕರಾರು, ಬದುಕಿದ್ದಾಗ ಅತ್ತೆ ಆಡುತ್ತಿದ್ದ ಚುಚ್ಚುಮಾತು, ಎಲ್ಲವೂ ಕೊಟ್ಟಿಗೆಯ ಬೆಚ್ಚಗಿನ ಸಗಣಿವಾಸನೆ ಮೂಗಿಗೆ ಬಡಿಯುವಷ್ಟರಲ್ಲಿ ಉದುರಿಹೋಗಿರುತ್ತಿದ್ದವು. ಇವತ್ತು ಸೊಸೆ ಆಡಿದ ಮಾತು ಮಾತ್ರ ಹಲ್ಲಿನ ಸಂದಿಗೆ ಸಿಕ್ಕಿದ ನಾರಿನ ಹಾಗೆ ಅಲ್ಲೇ ಕೂತುಬಿಟ್ಟಿತ್ತು. ‘ಅತ್ತೆ, ಒಂದು ಸಲನಾದ್ರೂ ಅವಳು ನನ್ನ ಕೈಯಲ್ಲೇ ಸುಮ್ಮನಾಗ್ಲಿ, ಬಿಡಿ.’ ಜೋರಾಗಿ ಅಂದಿರಲಿಲ್ಲ. ಜೋರಾಗಿ ಅಂದಿದ್ದರೆ ಒಳ್ಳೆಯದಿತ್ತು, ಜೋರಿಗೆ ಜೋರು ಉತ್ತರ ಕೊಟ್ಟು ಅಲ್ಲಿಗೆ ಮುಗಿಸಬಹುದಿತ್ತು. ಮಂಚದ ತುದಿಯಲ್ಲಿ ಕೂತು, ರವಿಕೆಯ ಗುಂಡಿ ಹಾಕಿಕೊಳ್ಳುತ್ತಾ, ನೆಲ ನೋಡಿಕೊಂಡು ಅಂದಿದ್ದಳು. ಅಷ್ಟರಲ್ಲಿ ಕೂಸು ಸೊಸೆಯ ಮಡಿಲಿನಿಂದ ಈಕೆಯ ಹೆಗಲಿಗೆ ಬಂದು, ಅಳು ನಿಲ್ಲಿಸಿ, ಈಕೆಯ ಶಾಲಿನ ಅಂಚನ್ನು ಬಾಯಿಗೆ ಹಾಕಿಕೊಂಡು ಚೀಪುತ್ತಿತ್ತು. ‘ಅಳೋ ಕೂಸಿಗೆ ಯಾರ ಕೈಯಾದ್ರೇನು ಬಿಡಮ್ಮ’ ಎಂದು ನಕ್ಕಿದ್ದಳು ಈಕೆ. ಸೊಸೆ ನಗಲಿಲ್ಲ. ಗುಂಡಿಗಳನ್ನು ಒಂದೊಂದಾಗಿ, ತಪ್ಪದ ಹಾಗೆ, ಹಾಕುತ್ತಲೇ ಇದ್ದಳು.

ತನ್ನ ಕೈಯ ಬಗ್ಗೆ ಆಕೆಗೆ ಯಾವತ್ತೂ ಅನುಮಾನ ಬಂದದ್ದಿಲ್ಲ. ಗಬ್ಬದ ಹಸುವಿನ ಬಾಲದ ಬುಡದಲ್ಲಿ ಎರಡು ಕಡೆಯೂ ಬಿಗಿದ ಹಗ್ಗದಂಥ ನರಗಳಿರುತ್ತವೆ. ದಿನ ಹತ್ತಿರ ಬಂದಂತೆ ಅವು ಸಡಿಲವಾಗುತ್ತಾ ಹೋಗುತ್ತವೆ. ಅಲ್ಲಿ ಬೆರಳೂರಿ, ಕಣ್ಣು ಮುಚ್ಚಿ, ಇವತ್ತು, ನಾಳೆ, ಇನ್ನೂ ವಾರ ಇದೆ ಎಂದು ಹೇಳಿಬಿಡುತ್ತಿದ್ದಳು. ಹೇಳಿದ್ದು ಸುಳ್ಳಾದದ್ದು ಅಪರೂಪ. ಸುತ್ತಲಿನ ಮನೆಗಳಲ್ಲಿ ಯಾವ ಹಸು ಕರು ಹಾಕಲು ತಿಣುಕಿದರೂ ಮೊದಲ ಫೋನು ಇವಳಿಗೆ. ‘ನಿಮ್ಮ ಕೈಗುಣ ಒಳ್ಳೇದು, ಬಂದು ಒಂದ್ಸಲ ಮುಟ್ಟಿ ಹೋಗಿ’ ಅನ್ನುತ್ತಿದ್ದರು. ‘ಏನೋ, ಹಾಗಂತಾರೆ’ ಎಂದು ಆಕೆ ಬಾಯಲ್ಲಿ ತಳ್ಳಿಹಾಕಿದರೂ ಒಳಗೆ ಪೂರ್ತಿ ನಂಬಿದ್ದಳು. ನಂಬದೆ ಏನು, ಚಳಿಗಾಲ ಬಂತೆಂದರೆ ಈ ಕೊಟ್ಟಿಗೆಯಲ್ಲಿ ಹುಟ್ಟುವ ಕರುಗಳಲ್ಲಿ ಇವಳ ಕೈಗೆ ಬೀಳದೆ ನೆಲಕ್ಕೆ ಬಿದ್ದದ್ದು ಯಾವುದಿದೆ? ಸೊಸೆ ಹೆರಿಗೆಯಾಗಿ ಮನೆಗೆ ಬಂದವಳೇ ಜ್ವರ ಹಿಡಿದು ಮಲಗಿದಾಗ, ಡಾಕ್ಟರು ಅವಳು ಮಗುವನ್ನು ಮುಟ್ಟುವುದೂ ಬೇಡ ಎಂದಾಗ, ಕೂಸನ್ನು ಎತ್ತಿಕೊಂಡದ್ದೂ ಇದೇ ಕೈ. ಆಗ ಬೇಕಾಗಿತ್ತು. ಯಾರೂ ಬೇಡ ಅನ್ನುವ ಹಾಗಿರಲಿಲ್ಲ. ಈಗ ಸೊಸೆ ಗಟ್ಟಿಮುಟ್ಟಾಗಿ ಓಡಾಡಿಕೊಂಡಿದ್ದಳು, ಬಿಟ್ಟಿದ್ದ ಔಷಧಿ ಅಂಗಡಿಯ ಕೆಲಸಕ್ಕೆ ವಾಪಸ್ ಹೋಗುವ ಮಾತಾಡುತ್ತಿದ್ದಳು. ಆದರೆ ಒಳಗೆ ಕೂಸು ಅತ್ತರೆ ಹೊರಗೆ ಈಕೆಯ ಕಾಲು ತಾನಾಗಿ ಓಡುವುದು ನಿಂತಿರಲಿಲ್ಲ. ಮೊನ್ನೆ ಪಕ್ಕದ ಮನೆಯ ಟೈಲರಮ್ಮ ಬಂದವಳು ಕೂಸಿನ ಗಲ್ಲ ಹಿಡಿದು ‘ಅಮ್ಮ ಎಲ್ಲೇ, ನಿನ್ನ ಅಮ್ಮ ಎಲ್ಲೇ’ ಎಂದು ಕೇಳಿದಾಗ, ಕೂಸು ತಿರುಗಿ ಈಕೆಯನ್ನು ನೋಡಿ ಬೊಚ್ಚುಬಾಯಿ ಬಿಟ್ಟಿತ್ತು. ಎಲ್ಲರೂ ನಕ್ಕಿದ್ದರು. ಸೊಸೆಯೂ ನಕ್ಕಿದ್ದಳು, ನಕ್ಕು ಒಲೆಯ ಮೇಲೆ ಏನೋ ಇಟ್ಟಿದ್ದೇನೆ ಎಂದು ಒಳಗೆ ಹೋಗಿದ್ದಳು. ಒಲೆಯ ಮೇಲೆ ಏನೂ ಇರಲಿಲ್ಲ ಅನ್ನುವುದು ಈಕೆಗೆ ಆಗಲೇ ಗೊತ್ತಿತ್ತು. ಗೊತ್ತಿದ್ದೂ ಆ ದಿನವೆಲ್ಲ ಒಳಗೊಳಗೇ ಸಕ್ಕರೆ ತಿಂದವಳ ಹಾಗೆ ಓಡಾಡಿದ್ದಳು.

ಬಕೆಟ್ಟಿನಲ್ಲಿ ಉಳಿದ ನೀರು ಮುಟ್ಟಿದರೆ ಕೊರೆಯುವಷ್ಟು ತಣ್ಣಗಿತ್ತು. ಆಕೆ ಅದನ್ನು ಕಾಲಿನಲ್ಲಿ ಒದ್ದು ಚೆಲ್ಲಿ, ಬಕೆಟ್ಟು ಬೋರಲು ಹಾಕಿದಳು. ಇಷ್ಟು ಹೊತ್ತು ಒಳಗೆ ಇರಬಾರದಿತ್ತು. ಉಳಿದ ಹಸುಗಳ ಹಾಲು ಕರೆಯುವಾಗಲೇ ಗಬ್ಬದ ಮಣಕ ಪುಕ್ಕಲಿ ಏಳುವುದು, ಕೂರುವುದು, ಬಾಲ ಎತ್ತುವುದು ಮಾಡುತ್ತಿತ್ತು. ಚೊಚ್ಚಲ ಹೆರಿಗೆ, ಚೊಚ್ಚಲು ಅಂದರೆ ಒದ್ದಾಟ ಉದ್ದ, ಅವಸರವಿಲ್ಲ ಎಂದುಕೊಂಡಿದ್ದಾಗಲೇ ಒಳಗಿನಿಂದ ಅಳು ಕೇಳಿಸಿತ್ತು. ಓಡಿದ್ದಳು. ಕೂಸು ಹೆಗಲ ಮೇಲೆ ನಿದ್ದೆಹೋದ ಮೇಲೂ ತೊಟ್ಟಿಲಿಗೆ ಹಾಕದೆ, ಹಾಕಿದ ಮೇಲೂ ಹೊರಡದೆ, ಅದರ ಅಂಗಾಲಿಗೆ ಎಣ್ಣೆ ತಿಕ್ಕುತ್ತಾ ಕೂತಿದ್ದಳು. ಸೊಸೆ ಅಂದ ಮಾತಿಗೆ ಅದು ಉತ್ತರವಾಗಿತ್ತು. ನೋಡು, ಎಷ್ಟು ಸುಲಭ ಅನ್ನುವ ಉತ್ತರ. ಬಾಯಲ್ಲಿ ಹೇಳುವುದಕ್ಕಿಂತ ಎಣ್ಣೆಯಲ್ಲಿ ಹೇಳುವುದು ಹೆಚ್ಚು ಚುಚ್ಚುತ್ತದೆ ಅನ್ನುವುದು, ಒಂದು ಕಾಲದಲ್ಲಿ ತಾನೂ ಸೊಸೆಯಾಗಿದ್ದ ಈಕೆಗೆ ತಿಳಿಯದ ವಿಷಯವೇನಲ್ಲ.

ಕೊಟ್ಟಿಗೆಯ ಬಾಗಿಲು ತಳ್ಳಿದ ಕೂಡಲೇ ಆಕೆಗೆ ಖುಷಿಯಾಯಿತು. ಮೂಲೆಯಲ್ಲಿ, ನೀರೊಲೆಯ ಗೋಡೆಯ ಪಕ್ಕದ ಬೆಚ್ಚನೆಯ ಜಾಗದಲ್ಲಿ, ಹಣೆಯ ಮೇಲೆ ಬಿಳಿ ಬೊಟ್ಟಿನ ಕಂದು ಕರುವೊಂದು ಕಾಲು ಅಗಲಿಸಿ ನಿಲ್ಲಲು ನೋಡುತ್ತಿತ್ತು, ಅದರ ಬೆನ್ನನ್ನು ದೊಡ್ಡಮ್ಮ ಬರಬರನೆ ನೆಕ್ಕುತ್ತಿತ್ತು. ದೊಡ್ಡಮ್ಮ ಅಂದರೆ ಈ ಕೊಟ್ಟಿಗೆಯ ಹಿರಿಯ ಹಸು; ಎಲ್ಲಕ್ಕಿಂತ ಮೊದಲು ಗೋದಲಿಗೆ ಮೂತಿ ಹಾಕುವ, ಉಳಿದವನ್ನೆಲ್ಲ ಕೊಂಬಿನಲ್ಲೇ ಸಾಲಾಗಿ ನಿಲ್ಲಿಸುವ ಯಜಮಾನಿತನಕ್ಕೆ ಆ ಹೆಸರು ಬಂದಿತ್ತು. ಅರೆ, ದೊಡ್ಡಮ್ಮ ಹಾಕೇಬಿಟ್ಟಿದೆಯಲ್ಲ ಎಂದುಕೊಂಡಳು. ಅಂದುಕೊಂಡದ್ದು ಮನಸ್ಸಿನಲ್ಲಿ ಪೂರ್ತಿ ಮೂಡುವ ಮುಂಚೆಯೇ ಅದು ತಪ್ಪು ಅನ್ನುವುದೂ ಕಣ್ಣಿಗೆ ಕಾಣಿಸಿತು. ದೊಡ್ಡಮ್ಮನ ಹೊಟ್ಟೆ ಎರಡು ಕಡೆಯೂ ಹಾಗೇ ಉಬ್ಬಿತ್ತು. ಆಚೆ ಮೂಲೆಯಲ್ಲಿ, ತಣ್ಣನೆಯ ಬಾಗಿಲ ಸಂದಿಯ ಹತ್ತಿರ, ಪುಕ್ಕಲಿ ಗೋಡೆಗೆ ಮುಖ ಮಾಡಿ ನಿಂತಿತ್ತು. ಅದರ ಹಿಂಗಾಲು ರಕ್ತ, ಲೋಳೆಯಲ್ಲಿ ತೊಯ್ದಿದ್ದವು, ಮಾಸು ಇನ್ನೂ ಬೀಳದೆ ಜೋತಾಡುತ್ತಿತ್ತು. ಪಕ್ಕೆಯ ಮೇಲೆ ಕೊಂಬು ತಾಗಿದ ಗೆರೆಯಿತ್ತು.

ದಿನ ತುಂಬಿದ ಹಸುವಿಗೆ ಈಯುವ ಮೊದಲೇ ತಾಯಿತನ ಬಂದುಬಿಡುತ್ತದೆ. ಕಣ್ಣ ಮುಂದೆ ಯಾವ ಕರು ಬಿದ್ದರೂ ಅದು ತನ್ನದೇ ಎಂದು ನೆಕ್ಕತೊಡಗುತ್ತದೆ, ಹೆತ್ತವಳನ್ನು ಹತ್ತಿರ ಸೇರಿಸುವುದಿಲ್ಲ. ಹೊಸದಾಗಿ ಹಸು ಕಟ್ಟುವವರಿಗೆ ಆಕೆ ಹೇಳುತ್ತಿದ್ದ ಮೊದಲ ಬುದ್ಧಿವಾದವೇ ಇದು. ಮೊನ್ನೆ ಗಂಡ ‘ನಡುವೆ ಹಲಗೆ ಹೊಡೀಲೇನೇ’ ಎಂದು ಕೇಳಿದ್ದ. ‘ದೊಡ್ಡಮ್ಮಂಗೆ ಇನ್ನೂ ಟೈಮಿದೆ ರೀ, ಎರಡೂ ಬೆಚ್ಚಗೆ ಒಟ್ಟಿಗಿರಲಿ. ನನ್ನ ಕೈಗಿಂತ ನಿಮ್ಮ ಹಲಗೆ ಹೆಚ್ಚಾ?’ ಎಂದಿದ್ದಳು. ಈಗ ನಾಲ್ಕು ಬೆರಳನ್ನು ದೊಡ್ಡಮ್ಮನ ಬಾಲದ ಬುಡಕ್ಕೆ ಊರಿದಳು. ಬೆರಳು ನಾದಿದ ಹಿಟ್ಟಿಗೆ ಇಳಿದ ಹಾಗೆ ಒಳಗೆ ಹೋದವು. ನರವೇ ಇರಲಿಲ್ಲ. ಇವತ್ತೇ, ಇನ್ನು ಸ್ವಲ್ಪ ಹೊತ್ತಿಗೇ. ಹಾಗಾದರೆ ನಿನ್ನೆ ಸಂಜೆ ಮುಟ್ಟಿ ನೋಡಿದಾಗ ಸಿಕ್ಕಿದ ಬಿಗಿ ಯಾವುದು? ನಿನ್ನೆ ಸಂಜೆ ಸೊಂಟದ ಮೇಲೆ ಕೂಸಿತ್ತು. ‘ನೋಡು ಪುಟ್ಟಿ, ಅಂಬಾ ನೋಡು’ ಎನ್ನುತ್ತಾ, ಒಂದು ಕೈಯಲ್ಲಿ ಅದನ್ನು ಹಿಡಿದು, ಇನ್ನೊಂದು ಕೈಯನ್ನು ದಾರಿಯಲ್ಲಿ ಹೋಗುವವಳು ಬೇಲಿ ಮುಟ್ಟಿಕೊಂಡು ಹೋಗುವ ಹಾಗೆ ಹಸುವಿನ ಮೇಲೆ ಆಡಿಸಿ ಬಂದಿದ್ದಳು. ಬಿಗಿ ಇದೆ ಎಂದು ಕೈ ಹೇಳಿರಲಿಲ್ಲ, ಬಾಯಿ ಹೇಳಿತ್ತು. ಆಕೆಗೆ ನಾಚಿಕೆಯಾಯಿತು. ಯಾರೂ ನೋಡದಿದ್ದರೂ ಕಿವಿ ಬಿಸಿಯಾಯಿತು.

ಆದರೆ ನಾಚಿಕೆಯಲ್ಲಿ ಕೂತಿರುವ ಹೊತ್ತಲ್ಲ ಅದು. ಈ ಚಳಿಯಲ್ಲಿ ಹೊಟ್ಟೆಗೆ ತಾಯಿಯ ಗಿಣ್ಣುಹಾಲು ಇಳಿಯದೆ ಹೋದರೆ ಕರು ಸಂಜೆಯವರೆಗೂ ಇರುವುದಿಲ್ಲ. ದೊಡ್ಡಮ್ಮನ ಗಿಣ್ಣು ಕೊಡೋಣವೆಂದರೆ ಅದರ ಸ್ವಂತ ಕರು ಇನ್ನೇನು ಬರುವುದಿದೆ. ಈ ಕರು ಅಲ್ಲೇ ಇದ್ದರೆ ದೊಡ್ಡಮ್ಮ ಹೊಟ್ಟೆಯಿಂದ ಬಂದದ್ದನ್ನು ಮೂಸಿಯೂ ನೋಡುವುದಿಲ್ಲ. ಒಂದು ತಪ್ಪಿಗೆ ಎರಡು ಕರು ಹೋಗುತ್ತವೆ. ಬಗ್ಗಿ ಕರುವಿನ ಎದೆಗೂ ಹಿಂಗಾಲಿಗೂ ಕೈ ಹಾಕಿ ಎತ್ತಿದಳು. ಎತ್ತಿದ್ದಷ್ಟೇ ಗೊತ್ತು, ದೊಡ್ಡಮ್ಮ ತಲೆ ತಗ್ಗಿಸಿ ಪಕ್ಕೆಗೆ ಗುಮ್ಮಿತು. ಇಷ್ಟು ವರ್ಷಗಳಲ್ಲಿ ಅದು ಇವಳ ಮೇಲೆ ತಲೆ ತಗ್ಗಿಸಿದ್ದೇ ಇಲ್ಲ. ಆಕೆ ಕರುವನ್ನು ಬಿಡದೆ, ಕರುವಿನ ಸಮೇತ, ಒದ್ದೆ ಹುಲ್ಲಿನ ಮೇಲೆ ಕುಕ್ಕರಿಸಿ ಕೂತಳು.

ಸದ್ದಿಗೆ ಗಂಡ ಬಾಗಿಲಲ್ಲಿ ಕಾಣಿಸಿಕೊಂಡ. ಗೋಡೆಯಾಚೆ ನೀರೊಲೆಗೆ ಬೆಂಕಿ ಒಟ್ಟುತ್ತಾ ಹಾಲಿನ ಕ್ಯಾನು ತೊಳೆಯುತ್ತಿದ್ದವನ ಕೈಯಲ್ಲಿ ತೆಂಗಿನ ನಾರು ಹಾಗೇ ಇತ್ತು. ನಿಂತು ಎಲ್ಲವನ್ನೂ ಒಂದು ಸುತ್ತು ನೋಡಿದ. ದೊಡ್ಡಮ್ಮ, ಪುಕ್ಕಲಿ, ಕರು, ಹೆಂಡತಿ.

‘ಎದ್ದೇಳು, ಯಾರೂ ನೋಡಿಲ್ಲ’ ಅಂದ.

‘ನೀವು ನೋಡಿದ್ರಲ್ಲ.’

‘ನಾನ್ಯಾವ ಲೆಕ್ಕ.’

ಹಲಗೆಯ ಮಾತು ಅವನು ಎತ್ತಲಿಲ್ಲ. ಎತ್ತಿದ್ದರೆ ಆಕೆ ಜಗಳವಾಡಿ ಹಗುರಾಗುತ್ತಿದ್ದಳು. ಈ ಮನುಷ್ಯನಿಗೆ ಯಾವಾಗ ಕೊಂಕು ಆಡಬೇಕು ಅನ್ನುವುದು ಎಷ್ಟು ಗೊತ್ತೋ, ಯಾವಾಗ ಸುಮ್ಮನಿದ್ದು ಕೊಲ್ಲಬೇಕು ಅನ್ನುವುದೂ ಅಷ್ಟೇ ಗೊತ್ತು. ‘ದೊಡ್ಡಮ್ಮನ್ನ ಹುಲ್ಲಿನ ಕೋಣೆಗೆ ಹಾಕಿ. ನೆಲಕ್ಕೆ ದಪ್ಪಗೆ ಒಣಹುಲ್ಲು ಹಾಸಿ. ಅಲ್ಲೇ ಈಯ್ಲಿ’ ಅಂದಳು. ಅವನು ಹಗ್ಗ ಹಾಕಿ ಎಳೆದ, ಆಕೆ ಹಿಂದಿನಿಂದ ನೂಕಿದಳು. ಬಾಗಿಲು ದಾಟುವವರೆಗೂ ಅದು ಕತ್ತು ತಿರುಗಿಸಿ ಕರುವನ್ನೇ ನೋಡುತ್ತಿತ್ತು. ಅಂಗಳದಲ್ಲಿ ನಿಂತು ಒಂದು ಸಲ ಕೂಗಿತು. ಆ ಕೂಗು ಪಾಪ ಅನ್ನಿಸುವ ಹಾಗಿತ್ತು. ಕದ್ದವಳಿಗೂ ದುಃಖ ಇರುತ್ತದೆ, ಅದು ನಿಜದ ದುಃಖವೇ ಇರುತ್ತದೆ ಎಂದು ಆಕೆಗೆ ಅನ್ನಿಸಿತು. ಅನ್ನಿಸಿದ್ದಕ್ಕೆ ತನ್ನ ಮೇಲೇ ಸಿಟ್ಟೂ ಬಂತು. ದನಕ್ಕೂ ಮನುಷ್ಯರಿಗೂ ಹೋಲಿಕೆ ಹಚ್ಚುತ್ತಾ ಕೂರುವುದು ಕೆಲಸವಿಲ್ಲದವರ ಕೆಲಸ. ಇಲ್ಲಿ ಕರು ನಡುಗುತ್ತಿದೆ.

ಪುಕ್ಕಲಿಯನ್ನು ಬೆಚ್ಚನೆಯ ಮೂಲೆಗೆ ಕರೆದುಕೊಂಡು ಬಂದಳು. ಹಗ್ಗ ಬೇಕಾಗಲಿಲ್ಲ, ಇವಳು ನಡೆದ ಕಡೆ ಅದು ಬರುತ್ತಿತ್ತು. ಅದರ ತಾಯಿ ಅದನ್ನು ಹಾಕಿ ಮೇಲೇಳದೆ ಸತ್ತಾಗ ಈಕೆಯೇ ಗೋಣಿಯಲ್ಲಿ ಸುತ್ತಿ ಅಡುಗೆಮನೆಗೆ ತಂದು, ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ್ದಳು. ಆಗಲೂ ಬೇಕಾಗಿತ್ತು. ಬೇರೆ ದಾರಿಯಿರಲಿಲ್ಲ. ಗುಡುಗಿದರೆ, ಪಾತ್ರೆ ಬಿದ್ದರೆ, ಅಪರಿಚಿತರು ಕೆಮ್ಮಿದರೆ ಕೂಡ ಓಡಿ ಬಂದು ಇವಳ ಬೆನ್ನ ಹಿಂದೆ ನಿಲ್ಲುತ್ತಿದ್ದುದರಿಂದ ಅದಕ್ಕೆ ಪುಕ್ಕಲಿ ಎಂದು ಹೆಸರಾಯಿತು. ಬೆಳೆದು ಮಣಕವಾಗಿ, ಗಬ್ಬವಾಗಿ, ಕೆಚ್ಚಲು ತುಂಬಿಕೊಂಡ ಮೇಲೂ ಅದು ಅಷ್ಟೇ. ಈಗ ಕರುವನ್ನು ಅದರ ಮೂತಿಯ ಕೆಳಗೇ ಇಟ್ಟಳು. ಪುಕ್ಕಲಿ ಕರುವಿನ ತಲೆಯ ಮೇಲಿಂದ ಇವಳನ್ನು ನೋಡಿತು.

ಗೊತ್ತಿದ್ದ ವಿದ್ಯೆಯನ್ನೆಲ್ಲ ಖರ್ಚು ಮಾಡಿದಳು. ಕರುವಿನ ಮೈಯಲ್ಲಿ ಈಗ ದೊಡ್ಡಮ್ಮನ ಎಂಜಲಿನ ವಾಸನೆಯಿದೆ, ಅದು ಹೋಗಬೇಕು. ಪುಕ್ಕಲಿ ಈದ ಜಾಗದಲ್ಲಿ ಲೋಳೆಗೆ ನೆನೆದ ಹುಲ್ಲನ್ನು ಹಿಡಿ ತುಂಬ ಬಾಚಿ ತಂದು ಕರುವಿನ ಬೆನ್ನಿಗೆ, ಹೊಟ್ಟೆಗೆ, ಕಿವಿಯ ಹಿಂದೆ ತಿಕ್ಕಿದಳು. ನೆಕ್ಕುವ ಆಸೆಯಾಗಲಿ ಎಂದು ಮೇಲಿಂದ ಉಪ್ಪು ಉದುರಿಸಿದಳು. ಈ ವಿದ್ಯೆ ಎಂಥೆಂಥ ಹಟಮಾರಿ ಹಸುಗಳನ್ನೂ ಬಗ್ಗಿಸಿತ್ತು. ‘ನೋಡೇ, ನಿಂದೇ ಕಣೇ, ನೆಕ್ಕೇ, ಒಂದು ಸಲ ನೆಕ್ಕಿ ನೋಡು’ ಎಂದು ರಮಿಸಿದಳು. ಪುಕ್ಕಲಿ ಒಂದು ಹೆಜ್ಜೆ ಮುಂದೆ ಬಂತು. ಕರುವನ್ನು ದಾಟಿ ಬಂತು, ದಾರಿಗೆ ಅಡ್ಡ ಬಿದ್ದ ಬಕೆಟ್ಟನ್ನು ದಾಟಿದ ಹಾಗೆ. ಬಂದು ಇವಳ ಕಂಕುಳಿಗೆ ಮೂತಿ ತುರುಕಿತು. ಆಕೆ ಎಡಕ್ಕೆ ಸರಿದಳು, ಅದರ ಕಣ್ಣು ಎಡಕ್ಕೆ ಬಂತು. ಬಲಕ್ಕೆ ಸರಿದಳು, ಬಲಕ್ಕೆ ಬಂತು. ನಡುವೆ ಕರು ನಾಲ್ಕು ಕಾಲು ನಾಲ್ಕು ದಿಕ್ಕಿಗೆ ಇಟ್ಟು ತೂರಾಡುತ್ತಾ ಕೆಚ್ಚಲಿನ ಕಡೆ ಹೋಯಿತು, ಮೂತಿಯಲ್ಲಿ ತೊಡೆಯ ಸಂದಿ ತಡಕಿತು. ಪುಕ್ಕಲಿ ಬೆಚ್ಚಿ ಒದೆಯಿತು. ಕರು ಬಿದ್ದು, ಮತ್ತೆ ಏಳಲು ನೋಡಿ, ಏಳಲಾಗದೆ, ಸಣ್ಣಗೆ ಕೂಗಿತು. ಪುಕ್ಕಲಿ ಆ ಕೂಗಿಗೂ ಹೆದರಿ, ಈಕೆಯ ಶಾಲಿನ ಅಂಚನ್ನು ಬಾಯಿಗೆ ತೆಗೆದುಕೊಂಡು, ಬಾಟಲಿಯ ದಿನಗಳಲ್ಲಿ ಮಾಡುತ್ತಿದ್ದ ಹಾಗೆ ಚೀಪತೊಡಗಿತು.

ಶಾಲಿನ ಅದೇ ಅಂಚು. ಬೆಳಗ್ಗೆ ಕೂಸು ಚೀಪಿದ್ದ ಜಾಗ ಇನ್ನೂ ಪೂರ್ತಿ ಆರಿರಲಿಲ್ಲ.

ಗಂಡ ಹುಲ್ಲಿನ ಕೋಣೆಯ ಕೆಲಸ ಮುಗಿಸಿ ಬಂದು ಬಾಗಿಲಿಗೆ ಒರಗಿ ನಿಂತಿದ್ದ. ಗೋಡೆಯ ಮೊಳೆಗೆ ನೇತುಹಾಕಿದ್ದ ಬಾಟಲಿ ತೆಗೆದು, ಕೆಂಪು ರಬ್ಬರಿನ ತೊಟ್ಟನ್ನು ಬಿಸಿನೀರಿನಲ್ಲಿ ಅದ್ದಿ ತಂದಿದ್ದ. ‘ಮಣಕನ ನಾನು ಹಿಡ್ಕೋತೀನಿ, ನೀನು ಗಿಣ್ಣು ಹಿಂಡಿ ಕುಡಿಸಿಬಿಡು. ಕರು ಉಳಿಯುತ್ತೆ’ ಅಂದ. ಸುಲಭದ ಮಾತು, ಸರಿಯಾದ ಮಾತು. ಆಕೆ ಬಾಟಲಿ ಇಸಕೊಂಡಳು. ಅದು ಕೈಗೆ ಎಷ್ಟು ಚೆನ್ನಾಗಿ ಕೂತಿತೆಂದರೆ, ಬಹಳ ದಿನದ ಮೇಲೆ ಸಿಕ್ಕ ಗೆಳತಿಯ ಮಣಿಕಟ್ಟು ಹಿಡಿದ ಹಾಗೆ ಅನ್ನಿಸಿತು. ಈಗ ಹಿಂಡಿ ಕುಡಿಸಿದರೆ ಕರು ಉಳಿಯುತ್ತದೆ, ನಿಜ. ಸಂಜೆಗೆ ಇವಳ ದನಿ ಕೇಳಿದರೆ ತಲೆ ಎತ್ತುತ್ತದೆ. ನಾಳೆಯಿಂದ ಇವಳ ಹಿಂದೆ ಹಿಂದೆ ಬರುತ್ತದೆ. ಪುಕ್ಕಲಿಗೆ ಒಂದು ಕರು ಹಾಕಿದ್ದೆ ಅನ್ನುವುದೇ ಗೊತ್ತಾಗುವುದಿಲ್ಲ. ಮುಂದಿನ ಸಲವೂ ಗೊತ್ತಾಗುವುದಿಲ್ಲ. ಬಂದವರೆಲ್ಲ ನೋಡಿ, ಎರಡು ತಲೆಮಾರು ಸಾಕಿಬಿಟ್ರಲ್ಲ, ಏನು ಕೈಗುಣ ಅನ್ನುತ್ತಾರೆ. ಹಾಗೆ ಅನ್ನಿಸಿಕೊಳ್ಳುವ ಆಸೆ ತನಗಿದೆ, ಈ ಹೊತ್ತಿನಲ್ಲೂ ಇದೆ ಅನ್ನುವುದು ಆಕೆಗೆ ಸ್ಪಷ್ಟವಾಗಿ ಗೊತ್ತಾಯಿತು.

‘ಅದು ನಿನ್ನೇ ನೋಡ್ತಾ ಇದೆ’ ಅಂದ ಗಂಡ. ‘ಅದಕ್ಕೆ ಅಮ್ಮ ಸಿಕ್ಕಿದ್ದಾಳೆ. ಅದು ಯಾಕೆ ಅಮ್ಮ ಆಗುತ್ತೆ ಹೇಳು.’

ಅವನು ಹಸುವಿನ ವಿಷಯವನ್ನೇ ಹೇಳಿದ್ದ. ಅವನ ಮುಖದಲ್ಲಿ ಬೇರೆ ಏನೂ ಇರಲಿಲ್ಲ. ಇದ್ದಿದ್ದರೆ ಆಕೆ ಹಿಡಿಯುತ್ತಿದ್ದಳು. ಇಷ್ಟು ವರ್ಷ ಆ ಮುಖ ಓದಿಯೇ ಸಂಸಾರ ಮಾಡಿದವಳು. ಆಕೆ ಬಾಟಲಿಯನ್ನು ವಾಪಸ್ ಅವನ ಕೈಗೆ ಕೊಟ್ಟಳು. ಚೀಪುತ್ತಿದ್ದ ಬಾಯಿಯಿಂದ ಶಾಲನ್ನು ಮೆಲ್ಲಗೆ ಬಿಡಿಸಿಕೊಂಡಳು. ಬಿದ್ದಿದ್ದ ಕರುವನ್ನು ಎತ್ತಿ, ಗೋಡೆಯ ಬಿಸಿ ತಾಗುವ ಕಡೆ, ಕೆಚ್ಚಲಿಗೆ ಹತ್ತಿರ ನಿಲ್ಲಿಸಿದಳು. ‘ನಡೀರಿ ಆಚೆ. ಇಬ್ಬರೂ’ ಅಂದಳು.

‘ಒದ್ದುಬಿಟ್ರೆ?’

‘ಒದೀಲಿ. ನಾನು ಎದುರಿಗಿದ್ರೂ ಒದ್ದಿದೆ.’

ಬಾಗಿಲು ಎಳೆದುಕೊಂಡು ಹೊರಗೆ ಬಂದಾಗ ಪುಕ್ಕಲಿ ಒಳಗಿನಿಂದ ಕೂಗಿತು. ಕರುವಿಗಾಗಿ ಕೂಗಿದ್ದಲ್ಲ, ಇವಳಿಗಾಗಿ ಕೂಗಿದ್ದು. ಆ ದನಿ ಯಾವುದಕ್ಕೆ ಅನ್ನುವುದು ಇವಳಿಗೆ ತಿಳಿಯದಿದ್ದರೆ ಇನ್ನಾರಿಗೆ ತಿಳಿಯಬೇಕು. ನೀರೊಲೆಯ ಹತ್ತಿರ ಹೋಗಿ, ಹಂಡೆಯಿಂದ ಬಿಸಿನೀರು ಮೊಗೆದು, ಸೋಪು ಹಚ್ಚಿ, ಮೊಣಕೈವರೆಗೂ ಕೈ ತೊಳೆದುಕೊಂಡಳು. ಉಗುರಿನ ಸಂದಿಯನ್ನೂ ತಿಕ್ಕಿದಳು. ಗಂಡ ಗೋಡೆಯ ಬಿರುಕಿಗೆ ಕಣ್ಣಿಟ್ಟು ಒಳಗೆ ನೋಡಲು ಶುರುಮಾಡಿದ. ಪುಕ್ಕಲಿ ಮತ್ತೆ ಕೂಗಿತು, ಮತ್ತೆ ಕೂಗಿತು. ‘ಬಾಗಿಲಿಗೇ ಮೂತಿ ಹಚ್ಚಿ ನಿಂತಿದೆ’ ಎಂದು ವರದಿ ಒಪ್ಪಿಸಿದ. ಆಕೆ ಅಂಗಳದ ನಡುವಿಗೆ ಹೋಗಿ ನಿಂತಳು. ಅಲ್ಲಿಯವರೆಗೆ ಆಕೆ ಅಂಗಳದಲ್ಲಿ ನಿಂತದ್ದೇ ಇಲ್ಲ. ಅದು ದಾಟುವ ಜಾಗ, ನಿಲ್ಲುವ ಜಾಗವಲ್ಲ. ನಿಂತರೆ ಎಷ್ಟು ಚಳಿ ಅನ್ನುವುದು ನಿಂತಾಗಲೇ ಗೊತ್ತಾದದ್ದು.

ಆಗ ಮನೆಯೊಳಗೆ ಕೂಸು ಎದ್ದು ಅಳಲು ಶುರುಮಾಡಿತು. ಮೊದಲು ಸಣ್ಣ ಕೊಸರಾಟ, ಆಮೇಲೆ ಉಸಿರು ಕಟ್ಟಿ ಬಿಡುವ ಜೋರು ಅಳು. ಕಾಲು ಓಡಿತು. ಎರಡು ಹೆಜ್ಜೆ ಹೋಗಿಯೂ ಬಿಟ್ಟಿತ್ತು, ಆಕೆ ಅದನ್ನು ಹಿಡಿದು ನಿಲ್ಲಿಸಬೇಕಾಯಿತು. ಹಸಿವಿನ ಅಳು ಅದು. ಎಣ್ಣೆ ತಿಕ್ಕಿದ ಅಂಗಾಲನ್ನು ಈಗ ಒಂದಕ್ಕೊಂದು ಉಜ್ಜುತ್ತಾ ಇರುತ್ತದೆ. ಎಡಗೈ ಮುಷ್ಟಿಯನ್ನು ಬಾಯಿಗೆ ತುರುಕಿ, ಅದರಲ್ಲಿ ಹಾಲಿಲ್ಲವೆಂದು ಇನ್ನೂ ಸಿಟ್ಟಾಗುತ್ತದೆ. ಎತ್ತಿ ಬಲ ಹೆಗಲಿಗೆ ಹಾಕಿಕೊಂಡರೆ ಆಗುವುದಿಲ್ಲ, ಎಡ ಹೆಗಲೇ ಬೇಕು. ಅದನ್ನು ಸೊಸೆಗೆ ಹೇಳಿಕೊಟ್ಟಿದ್ದೇನೆಯೇ? ಹೇಳಿಕೊಟ್ಟಿರಲಿಲ್ಲ. ಮರೆತದ್ದಲ್ಲ. ಹೇಳಿಕೊಟ್ಟಿರಲಿಲ್ಲ, ಅಷ್ಟೆ. ಒಂದು ಕಡೆ ಮಣಕ ಕೂಗುತ್ತಿತ್ತು, ಇನ್ನೊಂದು ಕಡೆ ಕೂಸು ಕೂಗುತ್ತಿತ್ತು. ಎರಡೂ ತನ್ನನ್ನೇ ಕರೆಯುತ್ತಿವೆ ಎಂದು ಆಕೆಗೆ ಖಂಡಿತವಾಗಿ ಗೊತ್ತಿತ್ತು. ಇಷ್ಟೊಂದು ಬೇಕಾದವಳಾಗಿ ಆಕೆ ಯಾವತ್ತೂ ಇರಲಿಲ್ಲ. ಯಾರಿಗೂ ಸಿಗದೆ ಅಂಗಳದ ನಡುವೆ ನಿಂತಿದ್ದಳು.

ಹಿಂಬಾಗಿಲು ತೆರೆಯಿತು. ಸೊಸೆ ಕೂಸನ್ನು ಎತ್ತಿಕೊಂಡು ಹೊಸ್ತಿಲಿಗೆ ಬಂದಿದ್ದಳು. ಕೂದಲು ಬಿಚ್ಚಿಹೋಗಿತ್ತು, ಮುಖ ಕೆಂಪಾಗಿತ್ತು, ಅವಳೂ ಅತ್ತಿದ್ದಾಳೆಂದು ಗೊತ್ತಾಗುತ್ತಿತ್ತು. ಯಾವತ್ತೂ ತಾನಾಗಿ ಕೂಸನ್ನು ಕೊಡಲು ಬಂದವಳಲ್ಲ. ಪ್ರತಿ ಸಲವೂ ಈಕೆ ಹೋಗಿ ಎತ್ತಿಕೊಂಡದ್ದು, ಅವಳು ಬಿಟ್ಟುಕೊಟ್ಟದ್ದು. ಈಗ ಎರಡೂ ಕೈ ಮುಂದೆ ಚಾಚಿ, ಅರಚುವ ಕೂಸನ್ನು ಚಳಿಗಾಳಿಗೆ ಹಿಡಿದು ನಿಂತಿದ್ದಳು.

‘ತಗೊಳ್ಳಿ ಅತ್ತೆ. ನನ್ನಿಂದ ಆಗ್ತಿಲ್ಲ. ಬೆಳಿಗ್ಗೆ ಏನೋ ಅಂದುಬಿಟ್ಟೆ.’

ಕೈ ಎದ್ದವು. ಅವು ಯಾರನ್ನೂ ಕೇಳಿ ಏಳುವ ಕೈಗಳಲ್ಲ. ಎದೆಯ ಮಟ್ಟದವರೆಗೆ ಬಂದಾಗ ಆಕೆ ಅವುಗಳನ್ನು ನೋಡಿದಳು. ಬಿಸಿನೀರಿಗೆ ಕೆಂಪಾಗಿದ್ದವು, ಹಬೆ ಆಡುತ್ತಿತ್ತು. ಸೋಪಿನ ವಾಸನೆ ತನಗೇ ಬರುತ್ತಿತ್ತು.

‘ನನ್ನ ಕೈ ಗಲೀಜಾಗಿದೆ’ ಅಂದಳು. ‘ಕೊಟ್ಟಿಗೆ ಕೆಲಸ ಇನ್ನೂ ಮುಗಿದಿಲ್ಲ. ನೀನೇ ನೋಡ್ಕೋ. ಎಡಗಡೆ ಹೆಗಲಿಗೆ ಹಾಕ್ಕೊಂಡು, ಸ್ವಲ್ಪ ಓಡಾಡಿ, ಆಮೇಲೆ ಮೊಲೆಗೆ ಹಾಕು. ಬಲಗಡೆ ಹೆಗಲು ಆಗಲ್ಲ ಅವಳಿಗೆ.’

ಸೊಸೆ ಆ ಕೈಗಳನ್ನು ನೋಡಿದಳು. ತಿಕ್ಕಿ ತೊಳೆದ ಬೆರಳುಗಳನ್ನು, ಬೆಳ್ಳಗಿನ ಉಗುರುಗಳನ್ನು, ಮಣಿಕಟ್ಟಿನಿಂದ ತೊಟ್ಟಿಕ್ಕುತ್ತಿದ್ದ ನೀರನ್ನು ಒಂದೂ ಬಿಡದೆ ನೋಡಿದಳು. ಕೂಸು ಅಳುತ್ತಲೇ ಇತ್ತು. ಆಮೇಲೆ ಅದನ್ನು ಹಿಂದಕ್ಕೆ ಎಳೆದು ಎದೆಗೆ ಒತ್ತಿಕೊಂಡು, ಬಲಗಡೆಯಿಂದ ಎಡಗಡೆಗೆ ಬದಲಾಯಿಸಿದಳು.

‘ಹೌದು ಅತ್ತೆ, ತುಂಬಾನೇ ಗಲೀಜಾಗಿದೆ’ ಅಂದಳು.

ಬಾ ಬಾ ಎಂದು ಕೂಸಿಗೆ ಹೇಳುತ್ತಾ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಚಿಲಕ ಹಾಕಲಿಲ್ಲ. ಆಕೆ ಕೈಗಳನ್ನು ಎರಡು ಕಂಕುಳಿಗೆ ಸೇರಿಸಿಕೊಂಡು ನಿಂತಳು. ಅಳು ಬಾಗಿಲ ಹಿಂದಿನಿಂದ ಬಂತು, ನಡುಮನೆಗೆ ಹೋಯಿತು, ಮತ್ತೆ ಬಾಗಿಲ ಹತ್ತಿರ ಬಂತು. ಓಡಾಡುತ್ತಿದ್ದಾಳೆ. ಸ್ವಲ್ಪ ನಿಧಾನ ಓಡಾಡಬೇಕು, ಇಷ್ಟು ಬೇಗ ಬೇಗ ಅಲ್ಲ ಎಂದು ಕೂಗಿ ಹೇಳಬೇಕೆನ್ನಿಸಿತು. ತುಟಿ ಕಚ್ಚಿಕೊಂಡಳು. ಅಳು ಇಳಿದ ಹಾಗಾಗಿ ಮತ್ತೆ ಏರಿತು. ಕೊಟ್ಟಿಗೆಯ ಕಡೆಯಿಂದ ಸದ್ದೇ ಇರಲಿಲ್ಲ. ಯಾವಾಗ ನಿಂತಿತೆಂದು ಆಕೆ ಗಮನಿಸಿರಲಿಲ್ಲ. ಗೋಡೆಯ ಬಿರುಕಿನಿಂದ ಕಣ್ಣು ತೆಗೆಯದೆ ಗಂಡ ಬೆನ್ನ ಹಿಂದೆ ಕೈ ಆಡಿಸಿ ಅವಳನ್ನು ಕರೆದ.

‘ಮೂಸಿತು’ ಅಂದ, ಪಿಸುದನಿಯಲ್ಲಿ. ಬಿರುಕಿಗೆ ಮುಖವನ್ನು ಇನ್ನಷ್ಟು ಒತ್ತಿಕೊಂಡ. ಆಮೇಲೆ, ‘ನೆಕ್ತಾ ಇದೆ. ಕಿವಿ ನೆಕ್ತಾ ಇದೆ. ಬಾ, ನೋಡು.’

‘ಬೇಡ.’

‘ಬಿರುಕಲ್ಲಿ ನೋಡಿದ್ರೆ ಅದಕ್ಕೇನು ಗೊತ್ತಾಗುತ್ತೆ?’

‘ಗೊತ್ತಾಗುತ್ತೆ. ಬೇಡ.’

ಸ್ವಲ್ಪ ಹೊತ್ತಿಗೆ ‘ಬಾಯಿಗೆ ಸಿಕ್ತು ಕಣೇ’ ಎಂದು ಅವನು ತಾನೇ ಗಿಣ್ಣು ಕುಡಿದಷ್ಟು ಖುಷಿಯಲ್ಲಿ ಹೇಳುತ್ತಿದ್ದಾಗ, ಮನೆಯೊಳಗಿನ ಅಳು ನಿಂತಿತು. ನಡುವೆ ಉಸಿರೆಳೆದುಕೊಳ್ಳಲು ನಿಂತದ್ದಿರಬೇಕು ಎಂದುಕೊಂಡಳು. ಕಾದಳು. ಮತ್ತೆ ಶುರುವಾಗಲಿಲ್ಲ. ಇನ್ನೂ ಕಾದಳು. ಸೊಸೆಯ ದನಿ ಸಣ್ಣಗೆ, ಹಾಡೂ ಅಲ್ಲ ಮಾತೂ ಅಲ್ಲ ಎಂಬಂತೆ ಕೇಳಿಸಿತು. ತಾನಿಲ್ಲದೆ ನಿಂತ ಮೊದಲ ಅಳು. ಸಮಾಧಾನವಾಗುತ್ತದೆ ಎಂದುಕೊಂಡಿದ್ದಳು. ಸಮಾಧಾನವೂ ಆಯಿತು. ಆದರೆ ಇಷ್ಟು ನೋವಾಗುತ್ತದೆ ಎಂದು ಯಾರೂ ಹೇಳಿರಲಿಲ್ಲ. ಎಡ ಹೆಗಲ ಮೇಲೆ, ಕೂಸಿನ ಗಲ್ಲ ಇರುತ್ತಿದ್ದ ಜಾಗದಲ್ಲಿ, ಗಾಳಿ ಆಡುತ್ತಿತ್ತು. ಆಕೆ ಶಾಲನ್ನು ಎಳೆದು ಅಲ್ಲಿಗೆ ಹೊದ್ದುಕೊಂಡಳು.

ಹುಲ್ಲಿನ ಕೋಣೆಯಿಂದ ದೊಡ್ಡಮ್ಮ ಕೂಗಿತು. ಅಂಗಳದಲ್ಲಿ ಕೂಗಿದ್ದ ಹಾಗೆ ಅಲ್ಲ, ದನಿ ಕೆಳಗಿಳಿದು ಹೊಟ್ಟೆಯಿಂದ ಬಂತು. ಕಳೆದದ್ದನ್ನು ಕರೆಯುವ ಕೂಗಲ್ಲ ಅದು. ಆಕೆ ಹೋಗಿ ಬಾಗಿಲು ತೆರೆದಳು. ದೊಡ್ಡಮ್ಮ ಒಣಹುಲ್ಲಿನ ಮೇಲೆ ಮಲಗಿ ಕಾಲು ಚಾಚಿತ್ತು, ಇವಳನ್ನು ನೋಡಿ ತಲೆ ತಗ್ಗಿಸಲಿಲ್ಲ, ಎತ್ತಿ ನೋಡಿ ಮತ್ತೆ ಹುಲ್ಲಿಗೆ ಇಟ್ಟಿತು. ‘ಆಯ್ತು ಕಣೇ, ಬಂದೆ’ ಎಂದಳು. ಶಾಲು ತೆಗೆದು ಮೊಳೆಗೆ ಸಿಕ್ಕಿಸಿ, ತೋಳು ಮಡಚಿ, ಅದರ ಹಿಂದೆ ಮಂಡಿಯೂರಿ ಕೂತಳು. ಕಣ್ಣು ಮುಚ್ಚಿ ಬಾಲದ ಬುಡಕ್ಕೆ ಬೆರಳೂರಿದಳು. ನಿನ್ನೆಯ ಹಾಗೆ ಅಲ್ಲ. ಈ ಸಲ ಎರಡೂ ಕೈ ಖಾಲಿ ಇದ್ದವು.